ಕೆಲಸದ ಮಾತು: ಸ್ಟಾಪ್‌ವಾಚ್ ಹಿಡಿದ ಹುಡುಗಿ, ಬೆನ್ನು ತಿರುಗಿಸುವ ಆಪರೇಟರ್

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಬಂದಿವೆ. ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ‘ವೇಸ್ಟ್ ಕಡಿಮೆ ಮಾಡು, ಕೆಲಸ ಸುಧಾರಿಸು’ ಅನ್ನಿಸಿಕೊಂಡವರು, ಅವರ ಮನೆಯವರು, ಅವರನ್ನು ಇಟ್ಟುಕೊಳ್ಳಬೇಕೆಂದಿರುವ ಮಾಲೀಕರು. ನಾನೂ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಅರ ಹಿಡಿದು, ಆಮೇಲೆ ಪೀಣ್ಯದಲ್ಲಿ ಪ್ರೊಡಕ್ಷನ್ ನೋಡಿಕೊಂಡು ರಿಟೈರ್ ಆದವನು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ವಧು-ವರರ ಜಾತಕದ ಬಗ್ಗೆ ಕೇಳಿದವರು ಬೇರೆ ಪುಟ ನೋಡಿ, ಅದು ನನ್ನ ಖಾತೆ ಅಲ್ಲ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದ್ದೇನೆ. ಪ್ರೊಸೆಸ್ ಇಂಪ್ರೂವ್‌ಮೆಂಟ್ ಸೆಕ್ಷನ್. ಒಂದು ಸ್ಟಾಪ್‌ವಾಚ್, ಒಂದು ರೈಟಿಂಗ್ ಪ್ಯಾಡ್ ಕೊಟ್ಟು ‘ವೇಸ್ಟ್ ಹುಡುಕು’ ಅಂದರು. ನಾನು ಹೋಗಿ ನಿಂತರೆ ಸಾಕು, ಆಪರೇಟರ್‌ಗಳು ನಿಧಾನ ಮಾಡುತ್ತಾರೆ. ಒಬ್ಬರಂತೂ ಬೆನ್ನು ತಿರುಗಿಸಿಯೇ ನಿಲ್ಲುತ್ತಾರೆ. ‘ಟೈಮ್ ಮೇಡಂ’ ಅಂತ ಹೆಸರೂ ಇಟ್ಟಿದ್ದಾರೆ. ಏನು ಮಾಡಲಿ ಸರ್?
— ತಿಪಟೂರಿನ ಹುಡುಗಿ, ಸದ್ಯ ದಾಸರಹಳ್ಳಿಯ ಪಿ.ಜಿ.

ಉತ್ತರ: ನೋಡಮ್ಮ, ಅವರು ನಿಧಾನ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಸ್ಟಾಪ್‌ವಾಚ್ ಬಂತು ಅಂದರೆ ಮುಂದಿನ ತಿಂಗಳು ಟಾರ್ಗೆಟ್ ಏರುತ್ತೆ ಅಂತ ಅವರ ಅನುಭವ ಹೇಳುತ್ತದೆ. ನಿನಗಿಂತ ಮುಂಚೆ ಅದೇ ಜಾಗದಲ್ಲಿ ಎಷ್ಟು ಜನ ಪ್ಯಾಡ್ ಹಿಡಿದು ನಿಂತಿದ್ದರೋ! ನಿನ್ನ ಮೇಲೆ ಅವರಿಗೇನೂ ದ್ವೇಷ ಇಲ್ಲ.

ಮೊದಲು ಆ ವಾಚನ್ನು ಡ್ರಾಯರ್‌ನಲ್ಲಿ ಇಡು. ಬಿಸಾಕಬೇಡ, ಆಮೇಲೆ ಬೇಕಾಗುತ್ತೆ. ಶುರುವಿನಲ್ಲಿ ನೀನು ನೋಡಬೇಕಾದ್ದು ಆಪರೇಟರ್‌ನ ಅಲ್ಲ, ಜಾಬನ್ನ, ಅಂದರೆ ತಯಾರಾಗುವ ಪೀಸನ್ನ. ನಿಮ್ಮಲ್ಲಿ ಓಡುವ ಒಂದು ಸಾಮಾನ್ಯ ಪೀಸ್ ಆರಿಸಿಕೋ. ಒಂದು ಸಣ್ಣ ಬುಶ್ (ಕೊಳವೆಯಂಥ ಬಿಡಿಭಾಗ) ಅಂತಿಟ್ಟುಕೊಳ್ಳೋಣ. ಅದರ ರೂಟ್ ಕಾರ್ಡ್ (ಪೀಸು ಯಾವಾಗ ಎಲ್ಲಿಗೆ ಹೋಯಿತು ಅಂತ ಬರೆಯುವ ಚೀಟಿ) ತೆಗೆದು ತಾರೀಖುಗಳನ್ನು ಬರೆದುಕೋ. ರಾಡು ಸ್ಟೋರಿಂದ ಹೊರಟಿದ್ದು 4ನೇ ತಾರೀಖು, ಡಿಸ್ಪ್ಯಾಚ್‌ಗೆ ಬಂದಿದ್ದು 15ನೇ ತಾರೀಖು. ಈಗ ಕೆಲಸದ ಹೊತ್ತನ್ನು ಕೂಡಿಸು. ಕಟಿಂಗ್ ಒಂದೂವರೆ ನಿಮಿಷ, ಟರ್ನಿಂಗ್ ಮೂರು, ಡ್ರಿಲ್ಲಿಂಗ್ ಒಂದು, ಬರ್ (ಅಂಚಿನಲ್ಲಿ ಉಳಿಯುವ ಚೂಪು) ತೆಗೆಯುವುದು ಅರ್ಧ. ಒಟ್ಟು ಆರು ನಿಮಿಷ. ಆರು ನಿಮಿಷದ ಕೆಲಸಕ್ಕೆ ಹನ್ನೊಂದು ದಿನ! ಈ ಲೆಕ್ಕ ನಾನು ಉದಾಹರಣೆಗೆ ಹೇಳಿದ್ದು. ನಿಮ್ಮ ಕಾರ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಕ್ಕರೆ ನನಗೆ ಆಶ್ಚರ್ಯ.

ಉಳಿದ ಹೊತ್ತು ಆ ಬುಶ್ ಎಲ್ಲಿತ್ತು? ಡ್ರಿಲ್ಲಿಂಗ್ ಮೆಷಿನ್ ಪಕ್ಕ ಕ್ರೇಟ್‌ನಲ್ಲಿ ಮಲಗಿತ್ತು. ಯಾಕೆ? ಆ ಮೆಷಿನ್ ಮೇಲೆ ಬೇರೆ ಜಾಬಿನ ಸೆಟ್ಟಿಂಗ್ ಇತ್ತು. ಒಮ್ಮೆ ಸೆಟ್ಟಿಂಗ್ ಹಾಕಿದರೆ ಐನೂರು ಪೀಸ್ ಹೊಡೆಯದೆ ಬಿಚ್ಚಬಾರದು ಅಂತ ಸೂಪರ್‌ವೈಸರ್ ಹೇಳಿದ್ದಾರೆ. ಐನೂರು ಯಾಕೆ? ಸೆಟ್ಟಿಂಗ್ ಬದಲಿಸೋಕೆ ಒಂದೂವರೆ ಗಂಟೆ ಬೇಕು, ಅದಕ್ಕೆ. ಗಂಟು ಇರುವುದು ಇಲ್ಲಿ. ಆಪರೇಟರ್‌ನ ಕೈ ಎಷ್ಟು ಬೇಗ ಓಡಿದರೂ ಈ ಹನ್ನೊಂದು ದಿನದಲ್ಲಿ ಒಂದು ಗಂಟೆಯೂ ಕಡಿಮೆ ಆಗಲ್ಲ. ಈ ಮಾತನ್ನು ಅವರಿಗೇ ಹೇಳು, ಕಾರ್ಡ್ ತೋರಿಸಿಯೇ ಹೇಳು. ಬೆನ್ನು ತಿರುಗಿಸಿದವರು ಅರ್ಧ ತಿರುಗುತ್ತಾರೆ.

ಟೊಯೋಟಾದಲ್ಲಿ ತೈಇಚಿ ಓನೋ ಅಂತ ಒಬ್ಬರಿದ್ದರು. ನಿನಗೆ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ ಏಳು ವೇಸ್ಟ್‌ಗಳ ಪಟ್ಟಿ ಅವರದೇ: ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸುವುದು, ಕಾಯುವುದು, ಸಾಗಿಸುವುದು, ಬೇಡದ ಕೆಲಸ ಮಾಡುವುದು, ದಾಸ್ತಾನು, ಬೇಡದ ಓಡಾಟ, ಕೆಟ್ಟ ಪೀಸು. ಎಂಜಿನಿಯರ್‌ಗಳಿಗೆ ಕಲಿಸಬೇಕಾದಾಗ ಅವರು ಶಾಪ್ ಫ್ಲೋರಿನಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಬರೆದು, ‘ಇದರೊಳಗೆ ನಿಂತು ನೋಡು’ ಅಂತ ಹೇಳಿ ಹೊರಟುಬಿಡುತ್ತಿದ್ದರಂತೆ. ಕಾಲು ಬಿದ್ದುಹೋಗುವವರೆಗೆ ನಿಂತ ಮೇಲೆ ಕಣ್ಣು ಬಿಡುತ್ತದೆ. ಮೊದಲ ಅರ್ಧ ಗಂಟೆ ಎಲ್ಲ ಸರಿ ಇದೆ ಅಂತಲೇ ಕಾಣುತ್ತೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನೀನು ನಿಲ್ಲಬೇಕಾದ್ದು ಸೆಟ್ಟಿಂಗ್ ಬದಲಿಸುವ ಹೊತ್ತಿನಲ್ಲಿ. ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಲೇತ್) ನಿಂತಿದೆ. ಆಪರೇಟರ್ ಸಾಫ್ಟ್ ಜಾ (ಪೀಸು ಕಚ್ಚಿ ಹಿಡಿಯುವ ದವಡೆ) ತರೋಕೆ ರ‍್ಯಾಕ್‌ಗೆ ಹೋಗುತ್ತಾನೆ. ಎರಡು ಜಾ ಇವೆ, ಮೂರನೆಯದು ಪಕ್ಕದ ಮೆಷಿನ್ ಕೆಳಗೆ. ಬೋಲ್ಟ್ ಬಿಚ್ಚೋಕೆ ಅಲೆನ್ ಕೀ ಬೇಕು. ಇರೋದು ಒಂದೇ, ಅದು ಬೇರೆ ಶಿಫ್ಟಿನವನ ಬೀರುವಿನಲ್ಲಿ, ಬೀಗದೊಳಗೆ. ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ತರೋಕೆ ಸ್ಟೋರಿಗೆ ಹೋದರೆ ಸ್ಲಿಪ್ ಮೇಲೆ ಸೂಪರ್‌ವೈಸರ್ ಸಹಿ ಇಲ್ಲ. ಸೂಪರ್‌ವೈಸರ್ ಮೀಟಿಂಗ್‌ನಲ್ಲಿ. ಆ ಮೀಟಿಂಗ್ ಯಾವುದರ ಬಗ್ಗೆ? ಪ್ರೊಡಕ್ಷನ್ ಯಾಕೆ ಕಡಿಮೆ ಅನ್ನೋದರ ಬಗ್ಗೆ! ಕೊನೆಗೂ ಮೊದಲ ಪೀಸ್ ತೆಗೆದರೆ ಅದನ್ನು ಕ್ವಾಲಿಟಿ ರೂಮಿಗೆ ಒಯ್ಯಬೇಕು. ಅಲ್ಲಿ ಆಗಲೇ ಮೂರು ಜನರ ಮೊದಲ ಪೀಸ್ ಕಾದು ಕೂತಿದೆ. ಒಂದೂವರೆ ಗಂಟೆಯಲ್ಲಿ ಸ್ಪ್ಯಾನರ್ ನಿಜಕ್ಕೂ ತಿರುಗಿದ್ದು ಎಷ್ಟು ಹೊತ್ತು ಅಂತ ನೀನೇ ಬರೆದು ನೋಡು.

ಮೆಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಬೇರೆ, ಅದು ಓಡುತ್ತಿರುವಾಗಲೇ ಮುಗಿಸಿಡಬಹುದಾದ ಕೆಲಸ ಬೇರೆ. ಒಲೆ ಹಚ್ಚಿದ ಮೇಲೆ ಸಾಸಿವೆ ಡಬ್ಬಿ ಹುಡುಕಿದರೆ ಎಣ್ಣೆ ಹೊತ್ತಿಹೋಗುತ್ತೆ ಅಲ್ವಾ, ಅಷ್ಟೇ ವಿಷಯ. ಶಿಗೆಓ ಶಿಂಗೋ ಎಂಬ ಜಪಾನಿ ಎಂಜಿನಿಯರ್ ಇದನ್ನೇ ಹಿಡಿದುಕೊಂಡು 1969ರಲ್ಲಿ ಟೊಯೋಟಾದ ಸಾವಿರ ಟನ್ ಪ್ರೆಸ್ ಮೇಲೆ ಕೂತರು. ಅದರ ಡೈ (ಅಚ್ಚು) ಬದಲಿಸೋಕೆ ನಾಲ್ಕು ಗಂಟೆ ಬೇಕಿತ್ತು. ಮೊದಲು ತೊಂಬತ್ತು ನಿಮಿಷಕ್ಕೆ ಇಳಿಸಿದರು. ಆಮೇಲೆ ಮ್ಯಾನೇಜ್‌ಮೆಂಟ್ ಮೂರು ನಿಮಿಷ ಅಂದಿತು. ಅದೂ ಆಯಿತು. ನೀನು ಮೂರು ನಿಮಿಷದ ಆಸೆ ಇಟ್ಟುಕೊಳ್ಳಬೇಡ. ಜಾ ಸೆಟ್, ಅಲೆನ್ ಕೀ, ಇನ್ಸರ್ಟ್, ಡ್ರಾಯಿಂಗ್, ಗೇಜ್ ಇಷ್ಟನ್ನೂ ಹಿಂದಿನ ಜಾಬಿನ ಕೊನೆಯ ಪೀಸ್ ಮುಗಿಯುವ ಮೊದಲೇ ಒಂದು ಟ್ರಾಲಿಯಲ್ಲಿ ತಂದು ನಿಲ್ಲಿಸುವ ವ್ಯವಸ್ಥೆ ಮಾಡಿಸು. ಇದಕ್ಕೆ ಕಂಪನಿ ದುಡ್ಡು ಖರ್ಚು ಮಾಡಬೇಕಾಗಿಲ್ಲ, ಟ್ರಾಲಿ ಯಾವುದೋ ಮೂಲೆಯಲ್ಲಿ ಖಂಡಿತ ಬಿದ್ದಿರುತ್ತೆ.

ಮೊಬೈಲ್‌ನಲ್ಲಿ ವಿಡಿಯೊ ತೆಗೆದರೆ ತುಂಬ ಉಪಯೋಗ. ಆದರೆ ಕೇಳಿ ತೆಗೆ. ಕೈ ಮತ್ತು ಮೆಷಿನ್ ಬಂದರೆ ಸಾಕು, ಮುಖ ಬೇಡ. ತೆಗೆದ ಮೇಲೆ ಮ್ಯಾನೇಜರ್‌ಗಿಂತ ಮುಂಚೆ ಆಪರೇಟರ್‌ಗೇ ತೋರಿಸು. ‘ಅಯ್ಯೋ, ಇಷ್ಟು ನಡೀತೀನಾ ನಾನು?’ ಅಂತ ಅವರ ಬಾಯಿಂದಲೇ ಬರುತ್ತದೆ. ಅಲ್ಲಿಂದ ಮುಂದಿನ ಐಡಿಯಾಗಳೆಲ್ಲ ಅವರವೇ. ಕೈಜೆನ್ ಶೀಟಿನಲ್ಲಿ (ಸುಧಾರಣೆ ಬರೆದಿಡುವ ಹಾಳೆ) ಅವರ ಹೆಸರು ಮೇಲೆ ಬರಲಿ, ನಿನ್ನದು ಕೆಳಗೆ. ಇದು ಔದಾರ್ಯ ಅಲ್ಲ, ಲೆಕ್ಕಾಚಾರ. ಮುಂದಿನ ಸಲ ನೀನು ಇನ್ನೊಂದು ಮೆಷಿನ್ ಹತ್ತಿರ ಹೋದಾಗ ಆ ಹೆಸರು ನಿನ್ನ ಕೆಲಸವನ್ನು ಅರ್ಧ ಮಾಡಿಕೊಡುತ್ತೆ.

‘ಟೈಮ್ ಮೇಡಂ’ ಅಂದರೆ ಅನ್ನಲಿ ಬಿಡು. ನಮ್ಮ ಕಾಲದಲ್ಲಿ ಇಟ್ಟ ಹೆಸರುಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕೋಕೆ ಆಗಲ್ಲ.

ಪ್ರಶ್ನೆ: ಮಗ ಐಟಿಐ ಫಿಟ್ಟರ್ ಪಾಸಾಗಿ ಒಂದು ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ ಆಗಿದ್ದಾನೆ. ಬೆಳಗ್ಗೆಯಿಂದ ಸಂಜೆವರೆಗೆ ಗುಡಿಸೋದು, ಪೇಂಟ್ ಹಚ್ಚೋದು, ಕ್ರೇಟ್ ಹೊರೋದು. ಕೇಳಿದರೆ ‘ಇದು ಫೈವ್ ಎಸ್, ಇದೇ ಟ್ರೈನಿಂಗ್’ ಅಂತಾರಂತೆ. ಹೊತ್ತು ಮೀರಿ ನಿಲ್ಲಿಸಿಕೊಳ್ಳುವುದೂ ಉಂಟು. ಇದು ಸರಿಯೇ? ವರ್ಷ ಮುಗಿದ ಮೇಲೆ ಕೆಲಸ ಖಾಯಂ ಮಾಡಲೇಬೇಕಲ್ಲವೇ?
— ಅರಸೀಕೆರೆ ಕಡೆಯ ರೈತರು

ಉತ್ತರ: ಯಜಮಾನರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಕಹಿ. ಖಾಯಂ ಮಾಡಲೇಬೇಕು ಅಂತ ಇಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಪ್ರಕಾರ ನಿಮ್ಮ ಮಗ ಕಲಿಯುವವನು, ಕಾರ್ಮಿಕ ಅಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಕೆಲಸ ಕೊಡುವ ಹೊಣೆ ಕಂಪನಿಗೆ ಬರುತ್ತದೆ. ಹಾಗಾಗಿ ಆ ಕರಾರು ಪತ್ರ ಎಲ್ಲಿದೆ, ಅದು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗಿದೆಯೇ ಅಂತ ಮೊದಲು ನೋಡಿ. ದಾಖಲಾಗಿಲ್ಲ ಅಂದರೆ ಅವನು ಅಪ್ರೆಂಟಿಸ್ ಅಲ್ಲ, ಅಗ್ಗದ ಆಳು.

ಕಾಯಿದೆ ಅವನಿಗೆ ಏನೂ ಕೊಟ್ಟಿಲ್ಲ ಅಂತಲ್ಲ. ಸ್ಟೈಪೆಂಡ್ ಇದೆ. 2019ರ ನಿಯಮದಲ್ಲಿ ಐಟಿಐ ಆದವರಿಗೆ ಮೊದಲ ವರ್ಷ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಅಂತ ಇಟ್ಟರು. ಈ ಮೊತ್ತ ಪರಿಷ್ಕರಣೆ ಆಗುತ್ತಿರುತ್ತದೆ, ಈಗಿನದನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಅನ್ನುವ ಸರ್ಕಾರಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವುದು ಕಂಪನಿಯ ಹೊಣೆ. ಮಗ ಓದಿದ ಐಟಿಐಗೆ ಹೋಗಿ ಪ್ರಿನ್ಸಿಪಾಲರನ್ನು ಕೇಳಿ. ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯಲ್ಲಿ ಯಾರನ್ನು ನೋಡಬೇಕು ಅಂತ ದಾರಿ ಹೇಳುತ್ತಾರೆ. ದೂರು ಕೊಡುವುದಕ್ಕಿಂತ ಮುಂಚೆ ಮಗ ದಿನಾ ಏನು ಕೆಲಸ ಮಾಡಿದ ಅಂತ ಒಂದು ಡೈರಿ ಬರೆಯಲಿ, ತಾರೀಖಿನ ಸಮೇತ. ಬಾಯಿ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಇನ್ನು ಫೈವ್ ಎಸ್. ಬೇಡದ್ದನ್ನು ಬೇರೆ ಮಾಡು, ಬೇಕಾದ್ದಕ್ಕೆ ಜಾಗ ಗೊತ್ತು ಮಾಡು, ಸ್ವಚ್ಛ ಮಾಡು, ಇದನ್ನೇ ಪದ್ಧತಿ ಮಾಡು, ಪದ್ಧತಿ ಬಿಡಬೇಡ ಎನ್ನುವ ಐದು ಜಪಾನಿ ಪದಗಳು. ಮೂರನೆಯದನ್ನೇ ಹಿಡಿದುಕೊಂಡು ಹುಡುಗರ ಕೈಗೆ ಪೊರಕೆ ಕೊಡುವ ಕಂಪನಿಗಳು ಬೇಕಾದಷ್ಟಿವೆ. ಹಾಗಂತ ಮೆಷಿನ್ ಒರೆಸುವುದನ್ನು ಕೀಳು ಅಂದುಕೊಳ್ಳಬೇಡಿ. ಬಟ್ಟೆ ಹಿಡಿದು ಒರೆಸಿದವನಿಗೇ ಎಣ್ಣೆ ಎಲ್ಲಿ ಜಿನುಗುತ್ತಿದೆ, ಯಾವ ಬೋಲ್ಟ್ ಸಡಿಲ ಆಗಿದೆ, ಯಾವ ಬೆಲ್ಟ್ ಸೀಳಿದೆ ಅಂತ ಗೊತ್ತಾಗುವುದು. ವ್ಯತ್ಯಾಸ ಇಷ್ಟೇ: ಒರೆಸಿದ ಮೇಲೆ ‘ಏನು ಕಂಡೆ?’ ಅಂತ ಯಾರಾದರೂ ಕೇಳುತ್ತಾರೋ ಇಲ್ಲವೋ? ಕೇಳಿದರೆ ಟ್ರೈನಿಂಗ್. ಕೇಳದಿದ್ದರೆ ಕಸ ಗುಡಿಸುವ ಕೆಲಸ, ಅದಕ್ಕೆ ಬೇರೆ ಸಂಬಳ ಕೊಟ್ಟು ಬೇರೆಯವರನ್ನು ಇಡಲಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಸಣ್ಣ ಮೆಷಿನ್ ಶಾಪ್ ಇದೆ, ಹದಿನಾಲ್ಕು ಜನ. ಫೌಂಡ್ರಿಯಿಂದ ಕಾಸ್ಟಿಂಗ್ (ಎರಕದ ಪೀಸು) ತಂದು ಮೆಷಿನಿಂಗ್ ಮಾಡಿ ಕೊಡುತ್ತೇವೆ. ರಿಜೆಕ್ಷನ್ ಜಾಸ್ತಿ. ಕನ್ಸಲ್ಟೆಂಟ್ ಕೇಳಿದ ಫೀಸು ಕೈಗೆಟುಕಲಿಲ್ಲ. ಒಬ್ಬ ಅಪ್ರೆಂಟಿಸ್ ಹುಡುಗನನ್ನು ಇಟ್ಟುಕೊಂಡು ಈ ಸುಧಾರಣೆ ಎಲ್ಲ ಅವನಿಂದಲೇ ಮಾಡಿಸಬಹುದಾ?
— ಮಾಚೇನಹಳ್ಳಿಯ ಮಾಲೀಕರು

ಉತ್ತರ: ಇಟ್ಟುಕೊಳ್ಳಬಹುದು ಸ್ವಾಮಿ, ‘ಎಲ್ಲ ಅವನಿಂದಲೇ’ ಅನ್ನುವುದನ್ನು ಮಾತ್ರ ಬಿಡಿ. ಮೂವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ. ನಾಲ್ಕರಿಂದ ಇಪ್ಪತ್ತೊಂಬತ್ತರವರೆಗೆ ನಿಮ್ಮ ಇಷ್ಟ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. ಕನ್ಸಲ್ಟೆಂಟ್ ವಿಚಾರಕ್ಕೂ ಒಂದು ದಾರಿ ಇದೆ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರದ ಲೀನ್ (ವೇಸ್ಟ್ ಇಳಿಸುವ) ಯೋಜನೆಯನ್ನು 2023ರ ಮಾರ್ಚ್‌ನಲ್ಲಿ ಹೊಸದಾಗಿ ಶುರು ಮಾಡಿದರು. ಬೇಸಿಕ್, ಇಂಟರ್‌ಮೀಡಿಯೇಟ್, ಅಡ್ವಾನ್ಸ್‌ಡ್ ಅಂತ ಮೂರು ಹಂತ. ಮೇಲಿನ ಹಂತಗಳಲ್ಲಿ ಕನ್ಸಲ್ಟೆಂಟ್ ಖರ್ಚಿನ ನೂರಕ್ಕೆ 90 ಭಾಗ ಸರ್ಕಾರದ್ದು. ಉದ್ಯಮ್ ನೋಂದಣಿ ಇದ್ದರೆ ಅರ್ಜಿ ಹಾಕಿ ನೋಡಿ.

ಹುಡುಗನಿಗೆ ಏನು ಕೊಡಬೇಕು ಅಂದರೆ, ಒಂದು ಮೆಷಿನ್, ಒಂದು ಪಾರ್ಟ್, ಒಂದು ತೊಂದರೆ. ಅಷ್ಟೇ. ರಿಜೆಕ್ಟ್ ಆದ ಪೀಸ್‌ಗಳನ್ನು ಸ್ಕ್ರ್ಯಾಪ್ ಗುಡ್ಡೆಗೆ ಎಸೆಯದೆ ಒಂದು ಕೆಂಪು ಕ್ರೇಟ್‌ನಲ್ಲಿ ಹಾಕಿಸಿ. ದಿನಾ ಸಂಜೆ ಅವನು ಪ್ರತಿ ಪೀಸ್ ಎತ್ತಿ ಯಾಕೆ ಹೋಯಿತು ಅಂತ ಬರೆಯಲಿ. ಬ್ಲೋ ಹೋಲ್ (ಎರಕದಲ್ಲಿ ಗಾಳಿ ಸಿಕ್ಕಿ ಆದ ಗುಳಿ), ಮರಳು ಕಚ್ಚಿದ್ದು, ಸೈಜ್ ಕಡಿಮೆ, ಬಿದ್ದು ಪೆಟ್ಟಾಗಿದ್ದು. ಒಂದು ತಿಂಗಳಲ್ಲಿ ಗೊತ್ತಾಗುತ್ತೆ ತೊಂದರೆ ನಿಮ್ಮದೋ ಫೌಂಡ್ರಿಯದೋ ಅಂತ. ಬ್ಲೋ ಹೋಲ್ ಇರುವ ಕಾಸ್ಟಿಂಗನ್ನು ಮೂರು ಮೆಷಿನ್ ದಾಟಿಸಿ ನಾಲ್ಕನೆಯದರಲ್ಲಿ ಕಂಡುಹಿಡಿದರೆ ಕಬ್ಬಿಣ ಒಂದೇ ಅಲ್ಲ, ಮೂರು ಮೆಷಿನ್ನಿನ ಹೊತ್ತು, ಇನ್ಸರ್ಟು, ಕರೆಂಟು ಎಲ್ಲ ಸ್ಕ್ರ್ಯಾಪಿಗೆ ಹೋಯಿತು. ಒಳಗಿನ ಗುಳಿ ಕಾಣಿಸುವಷ್ಟು ಆಳದ ಕಟ್ ಮೊದಲ ಮೆಷಿನ್ನಿನಲ್ಲೇ ಬರುವ ಹಾಗೆ ಕ್ರಮ ಬದಲಿಸೋಕೆ ಆಗುತ್ತಾ ಅಂತ ನಿಮ್ಮ ಹಳೇ ಆಪರೇಟರ್‌ನ ಕೇಳಿ. ಹುಡುಗ ಬರೆದುಕೊಳ್ಳಲಿ.

ಇನ್ನೊಂದು ಮಾತು. ಸಂಜೆ ಹತ್ತು ನಿಮಿಷ ನೀವೇ ಆ ಕ್ರೇಟ್ ಹತ್ತಿರ ಹೋಗಿ ನಿಲ್ಲಬೇಕು. ಮಾಲೀಕ ಬರದಿದ್ದರೆ ಮೂರನೇ ವಾರಕ್ಕೆ ಆ ಕೆಂಪು ಕ್ರೇಟ್‌ನಲ್ಲಿ ಟಿಫನ್ ಬಾಕ್ಸ್ ಇರುತ್ತೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಕ್ಸ್ ಸಿಗ್ಮಾ ಗ್ರೀನ್ ಬೆಲ್ಟ್ ಸರ್ಟಿಫಿಕೇಟ್ ಎರಡು ದಿನದಲ್ಲಿ ಕೊಡುತ್ತಾರೆ. ತಗೊಳ್ಳಲಾ?
— ಬಿ.ಇ. ಕೊನೆಯ ವರ್ಷ, ದಾವಣಗೆರೆ

ಉತ್ತರ: ಎರಡು ದಿನದಲ್ಲಿ ಕರಾಟೆ ಬೆಲ್ಟೂ ಬರಲ್ಲ. ಸಿಕ್ಸ್ ಸಿಗ್ಮಾ 1986ರಲ್ಲಿ ಮೋಟೊರೋಲಾ ಕಂಪನಿಯಲ್ಲಿ ಹುಟ್ಟಿದ್ದು, ಹತ್ತು ಲಕ್ಷ ಅವಕಾಶಗಳಲ್ಲಿ 3.4ಕ್ಕಿಂತ ಜಾಸ್ತಿ ತಪ್ಪಾಗಬಾರದು ಎನ್ನುವ ಗುರಿ. ಅದರ ಸಾಧನಗಳು ಒಳ್ಳೆಯವೇ. ಇಂಟರ್‌ವ್ಯೂನಲ್ಲಿ ನನ್ನಂಥವನು ಕೂತಿದ್ದರೆ ಕೇಳುವುದು ಒಂದೇ ಪ್ರಶ್ನೆ: ‘ಯಾವ ಜಾಗದಲ್ಲಿ, ಏನನ್ನು, ಎಷ್ಟರಿಂದ ಎಷ್ಟಕ್ಕೆ ಇಳಿಸಿದೆ?’ ಅದಕ್ಕೆ ಉತ್ತರ ಇರುವ ಅಪ್ರೆಂಟಿಸ್‌ಗೆ ಸರ್ಟಿಫಿಕೇಟ್ ಇಲ್ಲದಿದ್ದರೂ ನಡೆಯುತ್ತೆ. ದುಡ್ಡು ಉಳಿಸು.

ಪ್ರಶ್ನೆ: ನಾವು ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದೇವೆ. ಮಗನಿಗೆ ಯೂನಿವರ್ಸಿಟಿ ಬೇಡವಂತೆ. ‘ಇಂಪ್ರೂವ್‌ಮೆಂಟ್ ಪ್ರಾಕ್ಟೀಷನರ್’ ಅನ್ನುವ ಲೆವೆಲ್ 4 ಅಪ್ರೆಂಟಿಸ್‌ಶಿಪ್ ಸೇರುತ್ತೇನೆ ಅನ್ನುತ್ತಾನೆ. ಊರಿಗೆ ಫೋನ್ ಮಾಡಿದಾಗ ‘ಅಪ್ರೆಂಟಿಸ್’ ಅಂತ ಹೇಳೋಕೆ ನಮ್ಮ ಯಜಮಾನರಿಗೆ ಮುಜುಗರ.
— ಒಬ್ಬ ತಾಯಿ

ಉತ್ತರ: ಮುಜುಗರ ಬೇಡಮ್ಮ. ಅಲ್ಲಿ ಅಪ್ರೆಂಟಿಸ್ ಅಂದರೆ ಸಂಬಳ ತಗೊಳ್ಳುವ ನೌಕರ, ಇಲ್ಲಿಯ ಹಾಗಲ್ಲ. ಕಲಿಯುವ ಹೊತ್ತನ್ನೂ ಕೆಲಸದ ಅವಧಿಯೊಳಗೇ ಕೊಡಬೇಕು. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಜಾಸ್ತಿ ಸಂಬಳ ಬಟವಾಡೆ ಮಾಡುವ ಕಂಪನಿಗಳಿಂದ 2017ರಿಂದ ಅರ್ಧ ಪರ್ಸೆಂಟ್ ಲೆವಿ ವಸೂಲಿ ಮಾಡಿ, ಆ ದುಡ್ಡಿನಲ್ಲೇ ಇಂಥ ತರಬೇತಿ ನಡೆಸುತ್ತಾರೆ. ಲೆವೆಲ್ 4 ಅಂದರೆ ಡಿಗ್ರಿಯ ಮೊದಲ ವರ್ಷದ ಮಟ್ಟ. ಅದಕ್ಕೆ ಕೆಳಗೆ ಟೆಕ್ನಿಷಿಯನ್, ಮೇಲೆ ಸ್ಪೆಷಲಿಸ್ಟ್ ಅಂತ ಮೆಟ್ಟಿಲುಗಳಿವೆ. ಮಗನನ್ನು ಒಂದು ಮಾತು ಕೇಳಿ: ಕೆಲಸದ ಜಾಗದಲ್ಲಿ ನಿಜವಾದ ಪ್ರಾಜೆಕ್ಟ್ ಕೊಡುತ್ತಾರಾ, ಇಲ್ಲ ಬರೀ ಸ್ಲೈಡ್ ಮಾಡಿಸುತ್ತಾರಾ? ನಿಮ್ಮ ಯಜಮಾನರಿಗೆ ಹೇಳಿ, ಊರಿನವರು ಕೇಳಿದರೆ ‘ಕಂಪನಿಯವರೇ ಓದಿಸ್ತಿದ್ದಾರೆ’ ಅನ್ನಲಿ. ಅದು ಸುಳ್ಳೂ ಅಲ್ಲ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಲೈನಿಗೆ ಒಬ್ಬ ಅಪ್ರೆಂಟಿಸ್ ಹುಡುಗ ಬಂದಿದ್ದ, ಒಳ್ಳೆಯವನು. ಕಾಲರ್ ಹಚ್ಚುವ ಕಡೆ ಬಂಡಲ್ ರಾಶಿ ಬೀಳುತ್ತೆ, ಆಲ್ಟರ್ (ಬಿಚ್ಚಿ ಮತ್ತೆ ಹೊಲಿಯುವ ಪೀಸು) ಜಾಸ್ತಿ ಬರುತ್ತೆ, ಏನು ಮಾಡಬಹುದು ಅಕ್ಕ ಅಂತ ಕೇಳಿದ. ನಾನೇ ಹೇಳಿದೆ: ಎರಡು ಮೆಷಿನ್ ಹತ್ತಿರ ತನ್ನಿ, ಬಂಡಲ್ ಚಿಕ್ಕದು ಮಾಡಿ, ಹೆಲ್ಪರ್ ಓಡಾಟ ಉಳಿಯುತ್ತೆ ಅಂತ. ಹಾಗೇ ಮಾಡಿದರು, ಚೆನ್ನಾಗಿ ಆಯ್ತು. ಮುಂದಿನ ತಿಂಗಳು ಇಬ್ಬರು ಹೆಲ್ಪರ್‌ಗಳನ್ನು ಬೇಡ ಅಂದರು. ಈಗ ಲೈನಿನಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರಲ್ಲ. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತಾ?
— ದೊಡ್ಡಬಳ್ಳಾಪುರ

ಉತ್ತರ: ಇಲ್ಲ ತಾಯಿ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಬಂಡಲ್ ದೊಡ್ಡದಿದ್ದರೆ ಮೊದಲ ಕಾಲರ್‌ನಲ್ಲಿ ಆದ ತಪ್ಪು ಕೊನೆಯ ಕಾಲರ್ ಹೊಲಿದು ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳಲ್ಲ. ಚಿಕ್ಕದು ಮಾಡಿದರೆ ಬೇಗ ಸಿಕ್ಕಿಬೀಳುತ್ತೆ, ಆಲ್ಟರ್ ಇಳಿಯುತ್ತೆ. ಎಂಜಿನಿಯರ್‌ಗಳು ದಪ್ಪ ಪುಸ್ತಕದಲ್ಲಿ ಓದುವುದನ್ನು ನೀವು ಕೂತ ಜಾಗದಿಂದಲೇ ಹೇಳಿದ್ದೀರಿ.

ತಪ್ಪು ಮಾಡಿದ್ದು ಮ್ಯಾನೇಜ್‌ಮೆಂಟ್. ಅದು ಅನ್ಯಾಯ ಮಾತ್ರ ಅಲ್ಲ, ದಡ್ಡತನ ಕೂಡ. ಇನ್ನು ಮುಂದೆ ಆ ಲೈನಿನಲ್ಲಿ ಯಾರೂ ಒಂದು ಐಡಿಯಾ ಕೊಡಲ್ಲ, ಬಂದ ಅಪ್ರೆಂಟಿಸ್‌ಗಳೆಲ್ಲ ಗೋಡೆ ಜೊತೆ ಮಾತಾಡಬೇಕು. ಇಬ್ಬರ ಸಂಬಳ ಉಳಿಸೋಕೆ ಹೋಗಿ ಇಡೀ ಲೈನಿನ ಬುದ್ಧಿ ಕಳೆದುಕೊಂಡರು. ಸುಧಾರಣೆಯಿಂದ ಉಳಿದ ಕೈಗಳಿಗೆ ಬೇರೆ ಕೆಲಸ ಕೊಡುತ್ತೇವೆ, ಯಾರನ್ನೂ ತೆಗೆಯಲ್ಲ ಅಂತ ಮೊದಲೇ ನೋಟಿಸ್ ಬೋರ್ಡಿನಲ್ಲಿ ಹಾಕಬೇಕಿತ್ತು. ನಾನಿದ್ದ ಕಡೆ ಸಹಿ ಸಮೇತ ಹಾಕಿಸಿದ್ದೆವು. ಮಾಲೀಕರು ಒಪ್ಪೋಕೆ ಒಂದಿಷ್ಟು ದಿನ ಮುನಿಸಿಕೊಂಡಿದ್ದರು, ಆಮೇಲೆ ಲಾಭ ಕಂಡ ಮೇಲೆ ಅದು ತಮ್ಮದೇ ಐಡಿಯಾ ಅಂತ ಹೇಳಿಕೊಂಡು ಓಡಾಡಿದರು. ಓಡಾಡಲಿ.

ಈಗ ನೀವು ಮಾಡಬಹುದಾದ್ದು: ಆ ಇಬ್ಬರೂ ಹೆಲ್ಪರ್ ಕೆಲಸದಲ್ಲಿದ್ದರು. ಬೇರೆ ಲೈನಿನಲ್ಲೋ ಫಿನಿಶಿಂಗ್‌ನಲ್ಲೋ ಜಾಗ ಖಾಲಿ ಆಗಿದೆಯಾ ಅಂತ ಎಚ್‌ಆರ್ ಹತ್ತಿರ ಕೇಳಿ. ಒಬ್ಬರೇ ಹೋಗಬೇಡಿ, ಫ್ಯಾಕ್ಟರಿಯಲ್ಲಿ ವರ್ಕ್ಸ್ ಕಮಿಟಿ ಇದ್ದರೆ ಅದರ ಮೂಲಕ ಹೋಗಿ. ಯೂನಿಯನ್ ಇದ್ದರೆ ಇನ್ನೂ ಒಳ್ಳೆಯದು. ಗಾರ್ಮೆಂಟ್ಸ್‌ನಲ್ಲಿ ಜನ ಬಿಡುವುದೂ ಸೇರುವುದೂ ನಡೆಯುತ್ತಲೇ ಇರುತ್ತೆ, ಹಾಗಾಗಿ ‘ಜಾಗ ಇಲ್ಲ’ ಅನ್ನುವ ಮಾತನ್ನು ತಕ್ಷಣ ನಂಬಬೇಡಿ. ಬಾಕಿ ಸಂಬಳ, ಪಿಎಫ್ ಸರಿಯಾಗಿ ಚುಕ್ತಾ ಆಯಿತಾ ಅಂತ ಅವರನ್ನು ವಿಚಾರಿಸಿ. ಊಟಕ್ಕೆ ಕೂರದವರಿಗೆ ನೀವು ಎಚ್‌ಆರ್ ಬಾಗಿಲಿಗೆ ಹೋಗಿ ಬಂದದ್ದು ತಾನಾಗಿ ಗೊತ್ತಾಗುತ್ತದೆ.

ಆ ಅಪ್ರೆಂಟಿಸ್ ಹುಡುಗ ಈ ಪುಟ ಓದುತ್ತಿದ್ದರೆ, ನಿನಗೊಂದು ಮಾತಪ್ಪ. ನಿನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ಇಬ್ಬರ ಉಳಿತಾಯ’ ಅಂತ ಬರೆದಿದ್ದರೆ ಅದನ್ನು ಹೊಡೆದು ಹಾಕು. ಆಲ್ಟರ್ ಎಷ್ಟು ಇಳಿಯಿತು, ಬಂಡಲ್ ಕಾಯುವ ಹೊತ್ತು ಎಷ್ಟು ಕಡಿಮೆ ಆಯಿತು ಅಂತ ಬರಿ. ಐಡಿಯಾ ಕೊಟ್ಟ ಅಕ್ಕನ ಹೆಸರನ್ನೂ ಬರಿ, ಅವರನ್ನು ಕೇಳಿಕೊಂಡು. ಆ ರಿಪೋರ್ಟಿನ ಒಂದು ಕಾಪಿ ಎಚ್‌ಆರ್‌ಗೂ ಹೋಗಲಿ.